ಓವರ್‌ಕ್ಲಾಕ್ ಮಾಡಿದ ಪಿಸಿ ಕೈಕೊಟ್ಟರೆ: ತಪ್ಪು ಮೆಮೊರಿಯದ್ದೋ, ಪ್ರೊಸೆಸರ್‌ನದ್ದೋ?

ಡಿಸೆಂಬರ್‌ನಲ್ಲಿ ಜಪ್ಪಯ್ಯ ಅಂದರೂ ಹ್ಯಾಂಗ್ ಆಗದ ಪಿಸಿ ಏಪ್ರಿಲ್ ಬಂದ ಕೂಡಲೇ ಗೇಮ್ ಮಧ್ಯದಲ್ಲಿ ನೀಲಿ ಪರದೆ ತೋರಿಸಿ ಮಲಗಿಬಿಡುತ್ತದೆ. ಬೆಂಗಳೂರಿನಲ್ಲಿ ಮನೆಯಲ್ಲೇ ಪಿಸಿ ಜೋಡಿಸಿಕೊಂಡ ಎಷ್ಟೋ ಜನರ ಪಾಡು ಇದು. ಮೊದಲು ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ. ಆಮೇಲೆ ಡ್ರೈವರ್ ಮೇಲೆ. ಕೊನೆಗೆ ವಿಂಡೋಸ್ ಅಳಿಸಿ ಹೊಸದಾಗಿ ಹಾಕುತ್ತಾರೆ. ಎರಡು ದಿನ ಸುಮ್ನಿದ್ದು ಮತ್ತೆ ಅದೇ ರಾಗ.

ಓವರ್‌ಕ್ಲಾಕ್ ಮಾಡಿದ್ದರೆ, ಅಂದರೆ ಬಿಡಿಭಾಗಗಳನ್ನು ಅವುಗಳ ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸುತ್ತಿದ್ದರೆ, ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ಕಳ್ಳ ಸಿಗುವುದು ಮೆಮೊರಿ ಸೆಟ್ಟಿಂಗ್‌ನಲ್ಲಿ. ಪ್ರೊಸೆಸರ್‌ಗೆ ಸುಮ್ನೆ ಕೆಟ್ಟ ಹೆಸರು. ಅದಕ್ಕೇ ಇಲ್ಲಿ ಮೆಮೊರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

"ನಾನು ಓವರ್‌ಕ್ಲಾಕ್ ಮಾಡೇ ಇಲ್ಲ" ಅನ್ನುವವರಿಗೆ

ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಮೆಮೊರಿಯನ್ನು ಡಬ್ಬದ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿದ್ದೀರಾ? ಹಾಗಿದ್ದರೆ ಓವರ್‌ಕ್ಲಾಕ್ ಮಾಡಿದ್ದೀರಿ ಅಂತಲೇ ಅರ್ಥ. ಡಬ್ಬದ ಮೇಲೆ 3200 ಅಥವಾ 3600 ಅಂತ ಬರೆದಿರುವ ಡಿಡಿಆರ್4 ಮೆಮೊರಿ ಕಿಟ್ (ಜೋಡಿ ಸ್ಟಿಕ್), ಬೋರ್ಡಿಗೆ ಹಾಕಿದ ಕೂಡಲೇ ಆ ವೇಗದಲ್ಲಿ ಓಡುವುದಿಲ್ಲ. ಸಾಮಾನ್ಯವಾಗಿ 2133, 2400 ಅಥವಾ 2666ರಲ್ಲಿ ಶುರುವಾಗುತ್ತದೆ, 1.2 ವೋಲ್ಟ್‌ನಲ್ಲಿ. ಎಕ್ಸ್‌ಎಂಪಿ ಆನ್ ಮಾಡಿದರೆ ವೇಗ ಏರುತ್ತದೆ, ವೋಲ್ಟೇಜ್ 1.35ಕ್ಕೆ ಹೋಗುತ್ತದೆ. ಅದರ ಮುಂದಿನ ತಲೆಮಾರಾದ ಡಿಡಿಆರ್5ನಲ್ಲಿ ಆರಂಭ 4800 ಅಥವಾ 5600, ಅದೂ 1.1 ವೋಲ್ಟ್‌ನಲ್ಲಿ. 6000 ಬೇಕು ಅಂದರೆ 1.35ರ ಆಸುಪಾಸು ಬೇಕಾಗುತ್ತದೆ.

ಡಬ್ಬದ ಮೇಲಿನ ಸಂಖ್ಯೆ ಆ ಸ್ಟಿಕ್‌ಗಳ ತಾಕತ್ತನ್ನು ಮಾತ್ರ ಹೇಳುತ್ತದೆ. ಅಷ್ಟು ವೇಗಕ್ಕೆ ನಿಮ್ಮ ಪ್ರೊಸೆಸರ್ ಒಪ್ಪುತ್ತದೆ ಅಂತ ಅಲ್ಲ. ಈಗಿನ ಪ್ರೊಸೆಸರ್‌ಗಳಲ್ಲಿ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗೇ ಇರುತ್ತದೆ. ಹಾಗಾಗಿ ಮೆಮೊರಿ ವೇಗ ಏರಿಸಿದರೆ ಪ್ರೊಸೆಸರ್‌ನ ಒಂದು ಭಾಗವನ್ನೂ ಓವರ್‌ಕ್ಲಾಕ್ ಮಾಡಿದ ಹಾಗೆ. ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವುದು ಎರಡು ಸ್ಟಿಕ್ ಇದ್ದರೆ 5200. ನಾಲ್ಕು ಸ್ಟಿಕ್ ತುಂಬಿದರೆ ಬರೀ 3600! 6000ದ ಎರಡು ಕಿಟ್ ತಂದು ನಾಲ್ಕೂ ಸ್ಲಾಟ್ ತುಂಬಿಸಿ ಎಕ್ಸ್‌ಪೋ ಒತ್ತಿದವರ ಪಿಸಿ ಯಾಕೆ ಏಳುವುದಿಲ್ಲ ಅಂತ ಈಗ ಗೊತ್ತಾಯಿತಲ್ವಾ?

ಇನ್ನೊಂದು ವಿಷಯ. ಪಿಸಿಯ ವಿವರ ತೋರಿಸುವ ಸಿಪಿಯು-ಝೆಡ್ ಸಾಫ್ಟ್‌ವೇರ್‌ನಲ್ಲಿ 1600 ಮೆಗಾಹರ್ಟ್ಜ್ ಅಂತ ಕಂಡರೆ ಗಾಬರಿ ಬೇಡ. ಡಿಡಿಆರ್ ಒಂದು ಕ್ಲಾಕ್‌ನಲ್ಲಿ ಎರಡು ಸಲ ಡೇಟಾ ಸಾಗಿಸುತ್ತದೆ, ಅದರ ದುಪ್ಪಟ್ಟು 3200.

ಪಿಸಿ ಏಳುವುದೇ ಇಲ್ಲ ಅಂದರೆ

ಸೆಟ್ಟಿಂಗ್ ಬದಲಿಸಿ ಸೇವ್ ಮಾಡಿದಿರಿ. ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು. ಮೊದಲು ಮಾಡಬೇಕಾದ ಕೆಲಸ: ಕಾಯುವುದು. ತಮಾಷೆ ಅಲ್ಲ. ಹೊಸ ವೇಗ ಹಾಕಿದಾಗ ಬೋರ್ಡ್ ಮೆಮೊರಿ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಎಎಂ5 (ರೈಜನ್ 7000 ಕೂರುವ ಸಾಕೆಟ್) ಬೋರ್ಡ್‌ಗಳಲ್ಲಿ ಡಿಡಿಆರ್5 ಜೊತೆ ಮೊದಲ ಸಲ ಇದಕ್ಕೆ ಹಲವು ನಿಮಿಷ ಹಿಡಿಯುತ್ತದೆ. ಒಳ್ಳೆ ಒಂದು ಲೋಟ ಕಾಫಿ ಮಾಡಿಕೊಂಡು ಬನ್ನಿ. ಮಧ್ಯದಲ್ಲಿ ಪವರ್ ಬಟನ್ ಒತ್ತಿ ಆರಿಸಿದರೆ ಮತ್ತೆ ಮೊದಲಿನಿಂದ ಶುರು.

ಬಹಳಷ್ಟು ಬೋರ್ಡ್‌ಗಳ ಮೇಲೆ ಸಿಪಿಯು, ಡ್ರ್ಯಾಮ್ (ಮೆಮೊರಿ), ವಿಜಿಎ, ಬೂಟ್ ಅಂತ ನಾಲ್ಕು ಪುಟ್ಟ ದೀಪ ಇರುತ್ತವೆ. ಹದಿನೈದು ನಿಮಿಷ ಕಳೆದರೂ ಡ್ರ್ಯಾಮ್ ದೀಪ ಆರದಿದ್ದರೆ ಅಥವಾ ಪಿಸಿ ತನ್ನಷ್ಟಕ್ಕೆ ಆರಿ ಹತ್ತುತ್ತಲೇ ಇದ್ದರೆ ಸಿಮೋಸ್ ಕ್ಲಿಯರ್ ಮಾಡಿ, ಅಂದರೆ ಬಯಾಸ್ ಸೆಟ್ಟಿಂಗ್‌ಗಳನ್ನೆಲ್ಲ ಅಳಿಸಿ ಮೊದಲಿನಂತೆ ಮಾಡಿ. ಮಾಡುವ ರೀತಿ ಹೀಗೆ:

1. ಪವರ್ ಸಪ್ಲೈ ಹಿಂದಿನ ಸ್ವಿಚ್ ಆರಿಸಿ. ಗೋಡೆಯ ಪ್ಲಗ್ ಕೂಡ ತೆಗೆಯಿರಿ.
2. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದಿರುವ ಕರೆಂಟ್ ಖಾಲಿಯಾಗಲಿ.
3. ಬೋರ್ಡಿನ ಹಿಂಬದಿ ಕ್ಲಿಯರ್ ಸಿಮೋಸ್ ಬಟನ್ ಇದ್ದರೆ ಒತ್ತಿ. ಇಲ್ಲದಿದ್ದರೆ ಮ್ಯಾನ್ಯುವಲ್ ನೋಡಿ ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಮುಟ್ಟಿಸಿ. ಅದೂ ಕಷ್ಟ ಅನ್ನಿಸಿದರೆ ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ.
4. ಆನ್ ಮಾಡಿ. ಮತ್ತೆ ಟ್ರೈನಿಂಗ್ ಆಗುತ್ತದೆ, ಮತ್ತೆ ಕಾಯಿರಿ.

ಬ್ಯಾಟರಿ ತೆಗೆದಾಗ ಅದರ ವಯಸ್ಸನ್ನೂ ನೆನಪು ಮಾಡಿಕೊಳ್ಳಿ. ನಾಲ್ಕೈದು ವರ್ಷದ ಬೋರ್ಡ್ ಆಗಿದ್ದು, ಪ್ರತಿ ಸಲ ಪ್ಲಗ್ ತೆಗೆದಾಗಲೂ ಸೆಟ್ಟಿಂಗ್ ಮರೆತುಹೋಗುತ್ತಿದ್ದರೆ ಓವರ್‌ಕ್ಲಾಕ್‌ನ ತಪ್ಪಿಲ್ಲ, ಬ್ಯಾಟರಿ ಸತ್ತಿದೆ. ವಾಚ್ ಅಂಗಡಿಯಲ್ಲಿ ಸಿಗುತ್ತದೆ.

ಇಷ್ಟಾದರೂ ಏಳದಿದ್ದರೆ ಒಂದೇ ಸ್ಟಿಕ್ ಇಟ್ಟು ನೋಡಿ. ನಾಲ್ಕು ಸ್ಲಾಟ್‌ನ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯದು, ಅಂದರೆ ಎ2, ಮೊದಲ ಆಯ್ಕೆ. ಎರಡು ಸ್ಟಿಕ್ ಇದ್ದರೆ ಎರಡನೆಯದು ಮತ್ತು ನಾಲ್ಕನೆಯದು. ಮೊದಲ ಮತ್ತು ಮೂರನೆಯ ಸ್ಲಾಟ್‌ನಲ್ಲಿ ಹಾಕಿ ಎಕ್ಸ್‌ಎಂಪಿ ನಿಲ್ಲುತ್ತಿಲ್ಲ ಅಂತ ಒದ್ದಾಡುವವರು ತುಂಬಾ ಜನ. ಸ್ಟಿಕ್ ಕೂರಿಸುವಾಗ "ಟಕ್" ಅನ್ನುವ ತನಕ ಒತ್ತಿ. ಕ್ಲಿಪ್ ಒಂದೇ ಕಡೆ ಇರುವ ಬೋರ್ಡಿನಲ್ಲಿ ಇನ್ನೊಂದು ತುದಿ ಅರ್ಧ ಮೇಲೆದ್ದಿರುವುದು ಗೊತ್ತೇ ಆಗುವುದಿಲ್ಲ.

ಏಳುತ್ತದೆ, ಆದರೆ ನಿಲ್ಲುವುದಿಲ್ಲ

ಇದೇ ಅಸಲಿ ತಲೆನೋವು. ವಿಂಡೋಸ್ ಬಂತು ಅಂದ ಮಾತ್ರಕ್ಕೆ ಓವರ್‌ಕ್ಲಾಕ್ ಗಟ್ಟಿ ಅಂತ ಅಲ್ಲ.

ಮೊದಲ ಹೆಜ್ಜೆ ಬೇಜಾರಿನದ್ದು, ಆದರೆ ತಪ್ಪಿಸುವ ಹಾಗಿಲ್ಲ. ಬಯಾಸ್‌ನಲ್ಲಿ ಈಗಿರುವ ಎಲ್ಲಾ ಸೆಟ್ಟಿಂಗ್‌ಗಳ ಫೋಟೋ ಫೋನ್‌ನಲ್ಲಿ ತೆಗೆದುಕೊಳ್ಳಿ. ಆಮೇಲೆ ಆಪ್ಟಿಮೈಸ್ಡ್ ಡಿಫಾಲ್ಟ್ಸ್ ಲೋಡ್ ಮಾಡಿ. ಎಕ್ಸ್‌ಎಂಪಿ ಇಲ್ಲ, ಪಿಬಿಓ (ರೈಜನ್‌ನ ಬೂಸ್ಟ್ ಏರಿಸುವ ಸೆಟ್ಟಿಂಗ್) ಇಲ್ಲ, ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಸುವುದು) ಇಲ್ಲ. ಕೆಲವು ಬೋರ್ಡ್‌ಗಳು ಮಲ್ಟಿಕೋರ್ ಎನ್‌ಹ್ಯಾನ್ಸ್‌ಮೆಂಟ್ (ಪ್ರೊಸೆಸರ್‌ನ ಎಲ್ಲಾ ಕೋರ್‌ಗಳನ್ನೂ ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಅನ್ನೋದನ್ನು ತಾವಾಗಿಯೇ ಆನ್ ಮಾಡಿಕೊಂಡಿರುತ್ತವೆ, ಅದನ್ನೂ ಆರಿಸಿ. ಹೀಗೇ ಒಂದೆರಡು ದಿನ ಎಂದಿನಂತೆ ಬಳಸಿ. ಆಗಲೂ ಬಿದ್ದರೆ ಸಮಸ್ಯೆ ಓವರ್‌ಕ್ಲಾಕ್‌ನಲ್ಲಿ ಇಲ್ಲ. ಬೀಳದಿದ್ದರೆ ಮೊದಲು ಮೆಮೊರಿ ಸೆಟ್ಟಿಂಗ್ ಮಾತ್ರ ವಾಪಸ್ ತನ್ನಿ. ಅದು ಪಾಸಾದ ಮೇಲೆ ಪ್ರೊಸೆಸರ್. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಬಿತ್ತು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ವಿಂಡೋಸ್ ತಾನೇ ಒಂದಷ್ಟು ಸುಳಿವು ಬರೆದಿಟ್ಟಿರುತ್ತದೆ. ಇವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್ ನೋಡಿ. ಕರ್ನಲ್-ಪವರ್ 41 ಅಂತ ಕೆಂಪು ಸಾಲು ಕಾಣುತ್ತದೆ. ಎಲ್ಲರೂ ಇದನ್ನು ನೋಡಿ "ಪವರ್ ಸಪ್ಲೈ ಹೋಯಿತು" ಅಂದುಕೊಳ್ಳುತ್ತಾರೆ. ಅದು ಹೇಳುವುದು ಪಿಸಿ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಅಷ್ಟೇ. ಅದರ ಡೀಟೇಲ್ಸ್ ಟ್ಯಾಬ್ ಒತ್ತಿ, ಬಗ್‌ಚೆಕ್‌ಕೋಡ್ ಅನ್ನುವ ಸಾಲಿನಲ್ಲಿ ಯಾವ ಸಂಖ್ಯೆ ಇದೆ ನೋಡಿ.

26 ಇದ್ದರೆ ಮೆಮೊರಿ ಮ್ಯಾನೇಜ್‌ಮೆಂಟ್ ಎರರ್. 10 ಮತ್ತು 80 ಕೂಡ ಬಹಳ ಸಲ ಮೆಮೊರಿ ಕಡೆಗೇ ಬೆರಳು ತೋರಿಸುತ್ತವೆ. ಕೆಟ್ಟ ಡ್ರೈವರ್ ಕೂಡ ಇದನ್ನೇ ಕೊಡಬಹುದು, ಆದರೆ ಪ್ರತಿ ಸಲ ಬೇರೆ ಬೇರೆ ಕೋಡ್, ಬೇರೆ ಬೇರೆ ಫೈಲ್ ಹೆಸರು ಬರುತ್ತಿದ್ದರೆ ಮೆಮೊರಿ ಅಂತಲೇ ಹಿಡಿಯಿರಿ. 292 ಇದ್ದರೆ ಹಾರ್ಡ್‌ವೇರ್ ತಾನೇ ಎರರ್ ಒಪ್ಪಿಕೊಂಡಿದೆ, 257 ಇದ್ದರೆ ಒಂದು ಕೋರ್ ಉತ್ತರ ಕೊಡದೆ ನಿಂತಿದೆ. ಈ ಎರಡೂ ಬಂದರೆ ಪ್ರೊಸೆಸರ್ ಕಡೆ ನೋಡಿ. 0 ಇದ್ದರೆ? ನೀಲಿ ಪರದೆ ಬರುವಷ್ಟೂ ಸಮಯ ಸಿಕ್ಕಿಲ್ಲ. ಒಂದೋ ಪಿಸಿ ಪೂರ್ತಿ ಸ್ತಬ್ಧವಾಗಿ ನೀವೇ ಆರಿಸಿದ್ದೀರಿ, ಇಲ್ಲವೇ ಕರೆಂಟ್ ಹೋಗಿದೆ, ಇಲ್ಲವೇ ಪಿಸಿ ತಾನಾಗಿ ತಟ್ಟನೆ ರೀಸ್ಟಾರ್ಟ್ ಆಗಿದೆ.

ಕರೆಂಟ್ ಮಾತು ಬಂದಿದ್ದಕ್ಕೆ ಸ್ವಲ್ಪ ನಿಲ್ಲೋಣ. ಏಪ್ರಿಲ್, ಮೇ ಸಂಜೆಯ ಗಾಳಿಮಳೆಗೆ ಬೆಸ್ಕಾಂ ಲೈನ್ ಕಣ್ಣು ಮಿಟುಕಿಸುವುದು ಹೊಸತೇನಲ್ಲ. ಮನೆಗೆ ಇನ್‌ವರ್ಟರ್ ಇದೆ, ಬಲ್ಬ್ ಆರಲೇ ಇಲ್ಲ, ಆದರೂ ಪಿಸಿ ರೀಸ್ಟಾರ್ಟ್ ಆಯಿತು. ಕಾರಣ ಸರಳ. ಕರೆಂಟ್ ಹೋದ ಮೇಲೆ ಪಿಸಿ ಪವರ್ ಸಪ್ಲೈ ತನ್ನೊಳಗಿನ ಕೆಪಾಸಿಟರ್ ಬಲದ ಮೇಲೆ ತಡೆದುಕೊಳ್ಳುವುದು ಸುಮಾರು 16–17 ಮಿಲಿಸೆಕೆಂಡ್ ಅಷ್ಟೇ. ಇನ್‌ವರ್ಟರ್ ಬದಲಾಗಲು ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಮುಗಿಯಿತು. ಬಹುಪಾಲು ಇನ್‌ವರ್ಟರ್‌ಗಳ ಹಿಂದೆ ಅಥವಾ ಮುಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಸ್ವಿಚ್ ಇರುತ್ತದೆ. ಯುಪಿಎಸ್ ಮೋಡ್‌ಗೆ ಹಾಕಿ. ಇಲ್ಲವೇ ಪಿಸಿಗೆ ಪ್ರತ್ಯೇಕ ಯುಪಿಎಸ್ ಇಡಿ. ಬಗ್‌ಚೆಕ್‌ಕೋಡ್ 0 ಇರುವ ಸಮಯವೂ, ಕರೆಂಟ್ ಮಿಟುಕಿದ ಸಮಯವೂ ಒಂದೇ ಆಗಿದ್ದರೆ ಓವರ್‌ಕ್ಲಾಕ್‌ನ ತಂಟೆಗೆ ಹೋಗಬೇಡಿ. ಹಳೇ ಮನೆಯಾದರೆ ಅರ್ಥಿಂಗ್ ಸರಿಯಿದೆಯೇ ಅಂತಲೂ ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ಕೇಸ್ ಮುಟ್ಟಿದಾಗ ಜುಮ್ ಅಂದರೆ ಖಂಡಿತ ಮಾಡಿಸಿ.

ಮೆಮೊರಿ ಪರೀಕ್ಷೆ: ಇಲ್ಲಿ ಆತುರ ಬೇಡ

ವಿಂಡೋಸ್ ಜೊತೆ ಬರುವ ಮೆಮೊರಿ ಡಯಾಗ್ನೋಸ್ಟಿಕ್ ಮೇಲೆ ನನಗೆ ನಂಬಿಕೆ ಕಮ್ಮಿ. ಪೂರ್ತಿ ಕೆಟ್ಟಿರುವ ಸ್ಟಿಕ್ ಅದಕ್ಕೆ ಸಿಗುತ್ತದೆ. ಅಂಚಿನಲ್ಲಿ ನಿಂತಿರುವ ಓವರ್‌ಕ್ಲಾಕ್ ಸಿಗುವುದಿಲ್ಲ.

ಪೆನ್‌ಡ್ರೈವ್‌ನಿಂದ ಬೂಟ್ ಮಾಡುವ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್‌ನಿಂದ ಶುರು ಮಾಡಿ. ಎರಡೂ ಬೇರೆ ಬೇರೆ ಸಾಫ್ಟ್‌ವೇರ್, ಎರಡೂ ಪುಕ್ಕಟೆ ಸಿಗುತ್ತವೆ. ವಿಂಡೋಸ್ ತೆರೆಯದೆ ನಡೆಯುವುದರಿಂದ ಮೆಮೊರಿ ಕೆಟ್ಟಿದ್ದರೂ ನಿಮ್ಮ ಫೈಲ್‌ಗಳು ಹಾಳಾಗುವ ಭಯ ಇಲ್ಲ. 32 ಜಿಬಿಗೆ ನಾಲ್ಕು ಪಾಸ್ (ಸುತ್ತು) ಮುಗಿಯಲು ಹಲವು ಗಂಟೆ ಬೇಕು. ರಾತ್ರಿ ಮಲಗುವಾಗ ಹಚ್ಚಿ ಮಲಗಿ. ಬೆಳಗ್ಗೆ ಒಂದೇ ಒಂದು ಎರರ್ ಇದ್ದರೂ ಅದು ಫೇಲ್. "ಒಂದೇ ತಾನೆ" ಅಂತ ಬಿಡುವ ಹಾಗಿಲ್ಲ. ಆ ಒಂದು ಬಿಟ್ ನಾಳೆ ನಿಮ್ಮ ಮದುವೆ ಫೋಟೋ ಕಾಪಿ ಮಾಡುವಾಗ ತಿರುಗಿದರೆ ಯಾರೂ ಎಚ್ಚರಿಸುವುದಿಲ್ಲ. ಡಿಡಿಆರ್5 ಚಿಪ್‌ಗಳ ಒಳಗೆ ಎರರ್ ತಿದ್ದುವ ವ್ಯವಸ್ಥೆ ಇದೆ ನಿಜ. ಆದರೆ ಅದು ಚಿಪ್‌ನೊಳಗಿನ ತಪ್ಪಿಗೆ ಮಾತ್ರ. ಚಿಪ್‌ನಿಂದ ಪ್ರೊಸೆಸರ್ ತನಕದ ದಾರಿಯಲ್ಲಿ ಆಗುವ ತಪ್ಪಿಗೆ ಅದು ಕಾವಲಲ್ಲ, ಓವರ್‌ಕ್ಲಾಕ್ ಮಾಡಿದಾಗ ತಪ್ಪಾಗುವುದು ಹೆಚ್ಚಾಗಿ ಅಲ್ಲೇ.

ಮೆಮ್‌ಟೆಸ್ಟ್ ಪಾಸಾದ ಮೇಲೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಅಥವಾ ಓಸಿಸಿಟಿಯ ಮೆಮೊರಿ ಟೆಸ್ಟ್ ಓಡಿಸಿ. ಇವು ಮೆಮೊರಿಯನ್ನು ಜಾಸ್ತಿ ಬಿಸಿ ಮಾಡುತ್ತವೆ, ಮೆಮ್‌ಟೆಸ್ಟ್ ಬಿಟ್ಟ ತಪ್ಪನ್ನು ಹಿಡಿಯುತ್ತವೆ. ಇದಕ್ಕೂ ಮೊದಲು ಮುಖ್ಯ ಫೈಲ್‌ಗಳ ಬ್ಯಾಕಪ್ ಬೇರೆ ಡಿಸ್ಕ್‌ಗೆ ತೆಗೆದಿಡಿ. ಬ್ಯಾಕಪ್ ತೆಗೆಯುವಾಗ ಎಕ್ಸ್‌ಎಂಪಿ ಆಫ್ ಇರಲಿ.

ಎರರ್ ಬಂತು. ಈಗೇನು? ಬಹಳ ಜನ ಮೊದಲು ವೋಲ್ಟೇಜ್ ಏರಿಸುತ್ತಾರೆ. ನಾನು ಮೊದಲು ವೇಗ ಇಳಿಸಿ ಅನ್ನುತ್ತೇನೆ. ಟೈಮಿಂಗ್ (ಮೆಮೊರಿ ಒಂದೊಂದು ಕೆಲಸಕ್ಕೆ ಎಷ್ಟು ಕ್ಲಾಕ್ ಕಾಯಬೇಕು ಅನ್ನುವ ಸಂಖ್ಯೆಗಳು) ಮುಟ್ಟದೆ ವೇಗ ಮಾತ್ರ ಒಂದು ಮೆಟ್ಟಿಲು ಕೆಳಗೆ: 3600 ಇದ್ದರೆ 3400, 6000 ಇದ್ದರೆ 5800. ಅದು ಪೂರ್ತಿ ಶುದ್ಧವಾಗಿ ಪಾಸಾದರೆ ಸ್ಟಿಕ್ ಕೆಟ್ಟಿಲ್ಲ, ಕಂಟ್ರೋಲರ್ ಅಥವಾ ಬೋರ್ಡ್ ಅಷ್ಟು ವೇಗ ತಡೆಯುತ್ತಿಲ್ಲ ಅಂತ ಅರ್ಥ. ಗೇಮ್‌ನಲ್ಲಿ ಆ 200ರ ವ್ಯತ್ಯಾಸ ಬರಿಗಣ್ಣಿಗೆ ಕಾಣುವುದಿಲ್ಲ. ಅಲ್ಲೇ ನಿಲ್ಲಿಸುವುದು ಜಾಣತನ. ಡಿಫಾಲ್ಟ್ ವೇಗದಲ್ಲೂ ಎರರ್ ಬಂದರೆ ಒಂದೊಂದೇ ಸ್ಟಿಕ್ ಹಾಕಿ, ಒಂದೇ ಸ್ಲಾಟ್‌ನಲ್ಲಿ ಪರೀಕ್ಷೆ ಮಾಡಿ. ಒಂದು ಪಾಸಾಗಿ ಇನ್ನೊಂದು ಫೇಲಾದರೆ ಸ್ಟಿಕ್ ಕೆಟ್ಟಿದೆ. ಎರಡೂ ಒಂದು ಸ್ಲಾಟ್‌ನಲ್ಲಿ ಪಾಸಾಗಿ ಇನ್ನೊಂದರಲ್ಲಿ ಫೇಲಾದರೆ ಸ್ಲಾಟ್ ಅಥವಾ ಪ್ರೊಸೆಸರ್ ಸಾಕೆಟ್‌ನ ಪಿನ್ ನೋಡಬೇಕು.

ವೇಗ ಇಳಿಸಲು ಮನಸ್ಸಿಲ್ಲ ಅಂದರೆ ಸರದಿ ಹೀಗಿರಲಿ. ಮೊದಲು ಕಮಾಂಡ್ ರೇಟ್ (ಮೆಮೊರಿಗೆ ಆದೇಶ ಕಳಿಸುವ ಗತಿ) 1ಟಿ ಇದ್ದರೆ 2ಟಿ ಮಾಡಿ. ರೈಜನ್ ಬೋರ್ಡ್ ಆದರೆ ಆ ಗತಿಯನ್ನೇ ಸಡಿಲಿಸುವ ಗೇರ್ ಡೌನ್ ಮೋಡ್ ಆನ್ ಮಾಡಿ. ಆಮೇಲೆ ಮೆಮೊರಿ ವೋಲ್ಟೇಜ್ 0.02ರಷ್ಟು ಏರಿಸುತ್ತಾ ಬನ್ನಿ. ಡಿಡಿಆರ್4 ಆಗಲಿ ಡಿಡಿಆರ್5 ಆಗಲಿ, ಮನೆಯಲ್ಲಿ ದಿನಾ ಬಳಸುವ ಪಿಸಿಗೆ 1.40 ದಾಟಬೇಡಿ. ಕಿಟ್‌ನ ಎಕ್ಸ್‌ಎಂಪಿಯೇ ಅದಕ್ಕಿಂತ ಹೆಚ್ಚು ಕೇಳಿದರೆ ಅದು ಬೇರೆ ಮಾತು. ಅಷ್ಟಕ್ಕೂ ಆಗದಿದ್ದರೆ ಮಾತ್ರ ಕಂಟ್ರೋಲರ್ ಕಡೆಯ ಎಸ್ಓಸಿ ವೋಲ್ಟೇಜ್.

ಈ ಎಸ್ಓಸಿ ವೋಲ್ಟೇಜ್ ಜೊತೆ ಆಟ ಬೇಡ. 2023ರಲ್ಲಿ ರೈಜನ್ 7000 ಸರಣಿಯ ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟುಹೋದ ಪ್ರಕರಣಗಳು ಬಂದವು. ಎಕ್ಸ್‌ಪೋ ಆನ್ ಮಾಡಿದಾಗ ಬೋರ್ಡ್‌ಗಳು ಎಸ್ಓಸಿಗೆ ಅತಿಯಾಗಿ ವೋಲ್ಟೇಜ್ ಕೊಡುತ್ತಿದ್ದದ್ದೇ ದೊಡ್ಡ ಕಾರಣ. ಆಮೇಲೆ ಎಎಂಡಿ ಬಯಾಸ್ ಅಪ್‌ಡೇಟ್ ಮೂಲಕ 1.30 ವೋಲ್ಟ್ ಮಿತಿ ಹಾಕಿತು. ನಿಮ್ಮದು ಎಎಂ5 ಬೋರ್ಡ್ ಆಗಿದ್ದು ಬಯಾಸ್ ಅಷ್ಟು ಹಳೆಯದಾಗಿದ್ದರೆ ಎಕ್ಸ್‌ಪೋ ಮುಟ್ಟುವ ಮೊದಲು ಅಪ್‌ಡೇಟ್ ಮಾಡಿ. 6000ಕ್ಕೆ 1.25ರ ಒಳಗೇ ಸಾಕಾಗುವುದೇ ಹೆಚ್ಚು.

ಹಳೇ ಎಎಂ4 ರೈಜನ್ 5000 ಇರುವವರಿಗೆ ಒಂದು ಮಾತು. ಅಲ್ಲಿ ಮೆಮೊರಿ ಜೊತೆ ಇನ್ಫಿನಿಟಿ ಫ್ಯಾಬ್ರಿಕ್ (ಪ್ರೊಸೆಸರ್‌ನ ಒಳಭಾಗಗಳನ್ನು ಬೆಸೆಯುವ ದಾರಿ) ಕೂಡ ಏರುತ್ತದೆ. 3600ಕ್ಕೆ ಫ್ಯಾಬ್ರಿಕ್ 1800. ಇದು ಬಹುತೇಕ ಎಲ್ಲರಲ್ಲೂ ನಡೆಯುತ್ತದೆ. 3800, 4000 ಅಂತ ಹೋದರೆ ಮೆಮೊರಿ ಟೆಸ್ಟ್ ಪಾಸಾದರೂ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ 19 (ಹಾರ್ಡ್‌ವೇರ್ ಎರರ್‌ನ ದಾಖಲೆ) ಸಾಲು ಸಾಲಾಗಿ ಬೀಳುತ್ತಿರುತ್ತದೆ. ಯುಎಸ್‌ಬಿ ಕಡಿತ, ಆಡಿಯೋ ಚಟಪಟ ಇವೆಲ್ಲ ಅದರ ನೆಂಟರು. ವಾಪಸ್ 3600ಕ್ಕೆ ಬನ್ನಿ. ಇಂಟೆಲ್‌ನ 12400, 13400 ಥರದ, ಹೆಸರಿನ ಕೊನೆಯಲ್ಲಿ ಕೆ ಇಲ್ಲದ ಪ್ರೊಸೆಸರ್‌ಗಳಲ್ಲಿ ಎಸ್ಎ ವೋಲ್ಟೇಜ್‌ಗೆ (ಮೆಮೊರಿ ಕಂಟ್ರೋಲರ್ ಕಡೆಯ ವೋಲ್ಟೇಜ್) ಬೀಗ ಹಾಕಿರುತ್ತದೆ, ಹಾಗಾಗಿ ಡಿಡಿಆರ್4 3600 ಗೇರ್ 1ರಲ್ಲಿ (ಕಂಟ್ರೋಲರ್, ಮೆಮೊರಿ ಎರಡೂ ಒಂದೇ ವೇಗದಲ್ಲಿ) ನಿಲ್ಲದೇ ಇರಬಹುದು. 3200 ಗೇರ್ 1 ಸಾಕು. ಎಚ್610 ಬೋರ್ಡ್ ತಂದಿದ್ದರೆ ಮೆಮೊರಿ ಓವರ್‌ಕ್ಲಾಕ್ ಇಲ್ಲವೇ ಇಲ್ಲ, ಹುಡುಕಿ ಸಮಯ ಹಾಳು ಮಾಡಬೇಡಿ.

ಪ್ರೊಸೆಸರ್ ಸರದಿ

ಈಗಿನ ಪ್ರೊಸೆಸರ್‌ಗಳಲ್ಲಿ ಎಲ್ಲಾ ಕೋರ್‌ಗಳಿಗೂ ಒಂದೇ ವೇಗ, ಒಂದೇ ವೋಲ್ಟೇಜ್ ಕೂರಿಸುವ ಹಳೇ ಪದ್ಧತಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಕಂಪನಿಯ ಬೂಸ್ಟ್ ಈಗಾಗಲೇ ತುದಿ ಮುಟ್ಟಿರುತ್ತದೆ. ಕರೆಂಟ್ ಬಿಲ್ ಏರುತ್ತದೆ, ಒಂದೇ ಕೋರ್ ಬಳಸುವ ಕೆಲಸಗಳಲ್ಲಿ ವೇಗ ಕೆಲವೊಮ್ಮೆ ಇಳಿಯುತ್ತದೆ. ಹಾಗೆ ಮಾಡಿ ಪಿಸಿ ಬೀಳುತ್ತಿದ್ದರೆ ಪರಿಹಾರ ಒಂದೇ ಸಾಲಿನದ್ದು: ಡಿಫಾಲ್ಟ್‌ಗೆ ಹಾಕಿ.

ರೈಜನ್‌ನ ಪಿಬಿಓ ಮತ್ತು ಕರ್ವ್ ಆಪ್ಟಿಮೈಸರ್ (ಪ್ರತಿ ಕೋರ್‌ನ ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ವಿಷಯ ಬೇರೆ. ಇದರಲ್ಲಿ ಲಾಭ ಇದೆ, ಆದರೆ ಮೋಸವೂ ಇದೆ. ಯಾರೋ ವಿಡಿಯೋದಲ್ಲಿ ಎಲ್ಲಾ ಕೋರ್‌ಗೂ ಮೈನಸ್ 30 ಹಾಕಿ ಅಂದರು, ಹಾಕಿದಿರಿ. ಸಿನೆಬೆಂಚ್ ಅನ್ನುವ ಪ್ರೊಸೆಸರ್ ಟೆಸ್ಟ್ ಅರ್ಧ ಗಂಟೆ ಓಡಿತು, ಏನೂ ಆಗಲಿಲ್ಲ. ರಾತ್ರಿ ಸುಮ್ನೆ ಹಾಡು ಕೇಳುತ್ತಾ ಕೂತಾಗ ಪಿಸಿ ತಟ್ಟನೆ ರೀಸ್ಟಾರ್ಟ್. ಇದು ವಿಚಿತ್ರ ಅನ್ನಿಸಿದರೂ ಲೆಕ್ಕ ಸರಿಯಿದೆ. ಎಲ್ಲಾ ಕೋರ್ ದುಡಿಯುವಾಗ ವೇಗ ಕಮ್ಮಿ ಇರುತ್ತದೆ. ಕೆಲಸ ಹಗುರವಾಗಿದ್ದಾಗ ಒಂದೇ ಕೋರ್ ಅತಿ ಎತ್ತರದ ವೇಗಕ್ಕೆ ಹಾರುತ್ತದೆ, ಆಗಲೇ ಅದಕ್ಕೆ ವೋಲ್ಟೇಜ್ ಸಾಲದೇ ಹೋಗುವುದು.

ಇಲ್ಲೂ ಇವೆಂಟ್ ವ್ಯೂವರ್ ಕೈಹಿಡಿಯುತ್ತದೆ. ಡಬ್ಲ್ಯುಎಚ್‌ಇಎ-ಲಾಗರ್ 18 ಹುಡುಕಿ. ಕ್ಯಾಶ್ ಹೈರಾರ್ಕಿ ಎರರ್ ಅಂತ ಇದ್ದು, ಕೆಳಗೆ ಪ್ರೊಸೆಸರ್ ಎಪಿಐಸಿ ಐಡಿ ಅಂತ ಒಂದು ಸಂಖ್ಯೆ ಇರುತ್ತದೆ. ಎಂಟು ಕೋರ್‌ನ ರೈಜನ್ ಆದರೆ ಅದನ್ನು ಎರಡರಿಂದ ಭಾಗಿಸಿ. 6 ಇದ್ದರೆ ಕೋರ್ 3. 7 ಇದ್ದರೂ ಕೋರ್ 3, ಯಾಕೆಂದರೆ ಪ್ರತಿ ಕೋರ್‌ಗೆ ಎರಡು ಥ್ರೆಡ್. ಕೋರ್ ಎಣಿಕೆ ಸೊನ್ನೆಯಿಂದ ಶುರು ಅನ್ನೋದು ನೆನಪಿರಲಿ. ಈಗ ಆ ಒಂದು ಕೋರ್‌ನ ಮೈನಸ್ ಮಾತ್ರ ಐದೈದರಂತೆ ಕಮ್ಮಿ ಮಾಡಿ. ಮೈನಸ್ 30 ಇದ್ದದ್ದು 25, ಆಮೇಲೆ 20. ಕೋರ್‌ಸೈಕ್ಲರ್ ಅನ್ನುವ ಪುಕ್ಕಟೆ ಸಾಧನ ಒಂದೊಂದೇ ಕೋರ್ ಆರಿಸಿಕೊಂಡು ಪರೀಕ್ಷೆ ಮಾಡುತ್ತದೆ, ರಾತ್ರಿಯಿಡೀ ಬಿಡಿ. ಹೊಸದಾಗಿ ಶುರು ಮಾಡುವವರು ಎಲ್ಲಾ ಕೋರ್‌ಗೆ ಮೈನಸ್ 10ರಿಂದ ಹೊರಡಿ.

ಮೆಮೊರಿಯೋ ಕೋರೋ ಇನ್ನೂ ಗೊಂದಲವಿದ್ದರೆ ಪ್ರೈಮ್95 ಅನ್ನುವ ಟೆಸ್ಟ್ ಸಾಫ್ಟ್‌ವೇರ್ ಒಳ್ಳೆ ಪಂಚಾಯ್ತಿದಾರ. ಸ್ಮಾಲ್ ಎಫ್‌ಎಫ್‌ಟಿ ಟೆಸ್ಟ್ ಪ್ರೊಸೆಸರ್‌ನೊಳಗಿನ ಪುಟ್ಟ ಮೆಮೊರಿಯಾದ ಕ್ಯಾಶ್ ಒಳಗೇ ನಡೆಯುತ್ತದೆ, ಮೆಮೊರಿ ಕಡೆ ಹೆಚ್ಚು ಹೋಗುವುದಿಲ್ಲ. ಲಾರ್ಜ್ ಎಫ್‌ಎಫ್‌ಟಿ ಮೆಮೊರಿ ಮತ್ತು ಕಂಟ್ರೋಲರ್‌ಗೆ ಕೆಲಸ ಕೊಡುತ್ತದೆ. ಸ್ಮಾಲ್ ಪಾಸಾಗಿ ಲಾರ್ಜ್ ಫೇಲಾದರೆ ಮೆಮೊರಿ ಕಡೆಗೆ ವಾಪಸ್ ಹೋಗಿ. ಸ್ಮಾಲ್‌ನಲ್ಲೇ ರೌಂಡಿಂಗ್ ಎರರ್ ಬಂದು ಒಂದು ವರ್ಕರ್ ನಿಂತರೆ ಕೋರ್‌ನದ್ದೇ ಸಮಸ್ಯೆ. ಈ ಟೆಸ್ಟ್ ವಿಪರೀತ ಬಿಸಿ ಮಾಡುತ್ತದೆ. ಎಚ್‌ಡಬ್ಲ್ಯುಇನ್ಫೋ ತೆರೆದಿಟ್ಟು ಉಷ್ಣಾಂಶ ನೋಡುತ್ತಿರಿ. ರೈಜನ್ 7000ಕ್ಕೆ ಮಿತಿ 95 ಡಿಗ್ರಿ (ಎಕ್ಸ್3ಡಿ ಮಾದರಿಗಳಿಗೆ 89), ಇಂಟೆಲ್ 12ರಿಂದ 14ನೇ ತಲೆಮಾರಿಗೆ 100 ಡಿಗ್ರಿ. ಮಿತಿ ಮುಟ್ಟಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅಷ್ಟಕ್ಕೇ ಕ್ರ್ಯಾಶ್ ಆಗುವುದಿಲ್ಲ.

ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಓವರ್‌ಕ್ಲಾಕ್ ಯೋಚನೆಗೂ ಮೊದಲು ಬಯಾಸ್ ತಾರೀಖು ನೋಡಿ. ಇವುಗಳಲ್ಲಿ ಹಲವು ಪ್ರೊಸೆಸರ್‌ಗಳು ತಾವೇ ಅತಿ ವೋಲ್ಟೇಜ್ ಕೇಳಿ ನಿಧಾನವಾಗಿ ಹಾಳಾಗುತ್ತಿದ್ದವು. ಇಂಟೆಲ್ 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಇದಕ್ಕೆ ಮೈಕ್ರೋಕೋಡ್ (ಬಯಾಸ್ ಜೊತೆ ಬರುವ ಪ್ರೊಸೆಸರ್‌ನ ಒಳ ಸಾಫ್ಟ್‌ವೇರ್) ಬಿಟ್ಟಿತು, ಅವುಗಳ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಇದರ ಒಂದು ಗುರುತು ತಮಾಷೆಯದ್ದು. ಗೇಮ್ ಶೇಡರ್ ಕಂಪೈಲ್ ಮಾಡುವಾಗ (ದೃಶ್ಯ ಬಿಡಿಸುವ ಕೋಡ್ ತಯಾರಿಸುವಾಗ) "ವಿಡಿಯೋ ಮೆಮೊರಿ ಸಾಲದು" ಅಂತ ಬರುತ್ತದೆ. ಜನ ಗ್ರಾಫಿಕ್ಸ್ ಕಾರ್ಡ್ ಬದಲಿಸಲು ಹೊರಡುತ್ತಾರೆ, ತಪ್ಪಿರುವುದು ಪ್ರೊಸೆಸರ್‌ನಲ್ಲಿ! ಹೊಸ ಬಯಾಸ್ ಹಾಕಿ, ಇಂಟೆಲ್ ಡಿಫಾಲ್ಟ್ ಸೆಟ್ಟಿಂಗ್ಸ್ ಆರಿಸಿ. ಆಮೇಲೂ ಡಿಫಾಲ್ಟ್‌ನಲ್ಲೇ ಬೀಳುತ್ತಿದ್ದರೆ ಹಾನಿ ಆಗಿಹೋಗಿದೆ. ಮೈಕ್ರೋಕೋಡ್ ಅದನ್ನು ವಾಪಸ್ ಸರಿಮಾಡುವುದಿಲ್ಲ, ವಾರಂಟಿ ಕೇಳುವುದೇ ದಾರಿ.

ನಮ್ಮೂರ ಸೆಕೆ

ಬೆಂಗಳೂರು ತಂಪು ಊರು ಅನ್ನುವ ಹೆಸರು ಪಿಸಿ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಜನವರಿ ರಾತ್ರಿ 16–17 ಡಿಗ್ರಿಯಲ್ಲಿ ಪರೀಕ್ಷೆ ಮಾಡಿದ್ದು ಏಪ್ರಿಲ್ ಮಧ್ಯಾಹ್ನಕ್ಕೆ ಲಾಗೂ ಆಗಬೇಕಲ್ಲ? 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಹೊರಗೆ ಅಷ್ಟಿಲ್ಲದಿದ್ದರೂ ಮೇಲಿನ ಮಹಡಿಯ, ತಾರಸಿ ಕೆಳಗಿನ ರೂಮಿನಲ್ಲಿ ಸಂಜೆ ಏಳಕ್ಕೂ ಗೋಡೆ ಬಿಸಿ ಇರುತ್ತದೆ. ಎಸಿ ಇರುವ ಮನೆ ಕಮ್ಮಿ. ಜೊತೆಗೆ ಊರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ. ಗಾಳಿ ಸುಮಾರು ಹತ್ತನೇ ಒಂದು ಭಾಗ ತೆಳು. ಅದೇ ಫ್ಯಾನ್, ಅದೇ ವೇಗ, ಆದರೆ ಚೆನ್ನೈಗಿಂತ ಇಲ್ಲಿ ಅದು ಸ್ವಲ್ಪ ಕಮ್ಮಿ ಬಿಸಿ ಹೊತ್ತೊಯ್ಯುತ್ತದೆ.

ಬಿಸಿ ಜಾಸ್ತಿ ತಟ್ಟುವುದು ಮೆಮೊರಿಗೆ. ಮೆಮೊರಿಯ ಪ್ರತಿ ಕೋಶವೂ ಒಂದು ಪುಟ್ಟ ತೂತು ಬಿಂದಿಗೆ, ಅದರಲ್ಲಿರುವ ವಿದ್ಯುತ್ತು ಸೋರುತ್ತಲೇ ಇರುತ್ತದೆ. ಖಾಲಿಯಾಗುವ ಮೊದಲು ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ಸೋರುವುದು ಜಾಸ್ತಿ. ಟೈಮಿಂಗ್ ಬಿಗಿ ಮಾಡುವ ಹುರುಪಿನಲ್ಲಿ ಟಿಆರ್‌ಇಎಫ್‌ಐ ಅನ್ನುವ ಸಂಖ್ಯೆ ಏರಿಸಿದ್ದರೆ ಮತ್ತೆ ತುಂಬುವ ಅಂತರವನ್ನು ನೀವೇ ಉದ್ದ ಮಾಡಿದ್ದೀರಿ. ಡಿಸೆಂಬರ್‌ನಲ್ಲಿ ನಡೆಯುತ್ತದೆ, ಏಪ್ರಿಲ್‌ನಲ್ಲಿ ನಡೆಯುವುದಿಲ್ಲ. ಡಿಡಿಆರ್5 ಸ್ಟಿಕ್‌ಗಳ ಉಷ್ಣಾಂಶ ಎಚ್‌ಡಬ್ಲ್ಯುಇನ್ಫೋದಲ್ಲಿ ಕಾಣುತ್ತದೆ. 50–55 ದಾಟಿದ ಮೇಲೆ ಎರರ್ ಶುರುವಾದರೆ ಮೊದಲು ಟಿಆರ್‌ಇಎಫ್‌ಐ ಅನ್ನು ಆಟೋಗೆ ಹಾಕಿ.

ಬಿಸಿಯೇ ಕಾರಣವೋ ಅಂತ ತಿಳಿಯಲು ಕೇಸ್‌ನ ಪಕ್ಕದ ಹಲಗೆ ತೆಗೆದು ಟೇಬಲ್ ಫ್ಯಾನ್ ತಿರುಗಿಸಿ, ಅದೇ ಟೆಸ್ಟ್ ಮತ್ತೆ ಓಡಿಸಿ. ಎರರ್ ಮಾಯವಾದರೆ ಉತ್ತರ ಸಿಕ್ಕಿತು. ಇದು ಪರೀಕ್ಷೆಗೆ ಮಾತ್ರ, ಹಾಗೇ ಬಿಟ್ಟರೆ ಧೂಳು ತುಂಬುತ್ತದೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರೆ ಮುಂಭಾಗದ ಫಿಲ್ಟರ್ ಒಂದೇ ತಿಂಗಳಲ್ಲಿ ಕಂಬಳಿಯಾಗಿರುತ್ತದೆ. ತೊಳೆದು ಒಣಗಿಸಿ ಹಾಕಿ. ಕೊನೆಯ ಸುತ್ತಿನ ಪರೀಕ್ಷೆಯನ್ನು ಬೇಸಿಗೆ ಮಧ್ಯಾಹ್ನ ಎರಡು ಗಂಟೆಗೆ, ಹಲಗೆ ಮುಚ್ಚಿ, ಗೇಮ್ ಕೂಡ ಓಡಿಸಿ ಮಾಡಿ. ಗ್ರಾಫಿಕ್ಸ್ ಕಾರ್ಡ್‌ನ ಬಿಸಿ ನೇರ ಮೆಮೊರಿಗೇ ಬಡಿಯುತ್ತದೆ, ಬರೀ ಮೆಮೊರಿ ಟೆಸ್ಟ್‌ನಲ್ಲಿ ಅದು ಕಾಣುವುದಿಲ್ಲ.

ಬಯಾಸ್ ಅಪ್‌ಡೇಟ್, ರಿಪೇರಿ, ವಾರಂಟಿ

ಬಯಾಸ್ ಅಪ್‌ಡೇಟ್ ಮಾಡುವಾಗ ಎಲ್ಲವೂ ಡಿಫಾಲ್ಟ್‌ನಲ್ಲಿರಲಿ, ಪಿಸಿ ಯುಪಿಎಸ್ ಮೇಲಿರಲಿ. ಅಪ್‌ಡೇಟ್ ಆದ ಮೇಲೆ ಹಳೇ ಸೇವ್ ಪ್ರೊಫೈಲ್ ಹೆಚ್ಚಾಗಿ ನಡೆಯುವುದಿಲ್ಲ, ಆಗ ಫೋನ್‌ನಲ್ಲಿರುವ ಫೋಟೋ ಬೇಕಾಗುತ್ತದೆ. ಹಳೇ ಸೆಟ್ಟಿಂಗ್ ಕೂರಿಸಿದ ಮೇಲೂ ಮೆಮೊರಿ ಟೆಸ್ಟ್ ಇನ್ನೊಮ್ಮೆ ಮಾಡಿ. ಬಯಾಸ್ ಬದಲಾದರೆ ಟ್ರೈನಿಂಗ್ ರೀತಿಯೂ ಬದಲಾಗಿರುತ್ತದೆ.

ಪಿಸಿ ಗಟ್ಟಿಯಾದ ಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಎಸ್ಎಫ್‌ಸಿ ಸ್ಕ್ಯಾನ್‌ನೌ (sfc /scannow) ಓಡಿಸಿ. ಎರರ್ ಬರುತ್ತಿದ್ದ ದಿನಗಳಲ್ಲಿ ಕೆಟ್ಟಿರಬಹುದಾದ ವಿಂಡೋಸ್ ಫೈಲ್‌ಗಳನ್ನು ಅದು ಹುಡುಕಿ ಸರಿಮಾಡುತ್ತದೆ. ಗೇಮ್‌ಗಳನ್ನೂ ಆಯಾ ಲಾಂಚರ್‌ನಲ್ಲಿ ವೆರಿಫೈ ಮಾಡಿ.

ಸ್ಟಿಕ್ ನಿಜಕ್ಕೂ ಕೆಟ್ಟಿದ್ದರೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೊರಡುವ ಮೊದಲು ಸ್ವಲ್ಪ ತಯಾರಿ ಬೇಕು. ಡಿಫಾಲ್ಟ್ ವೇಗದಲ್ಲಿ ಮೆಮ್‌ಟೆಸ್ಟ್ ಎರರ್ ತೋರಿಸುತ್ತಿರುವ ಫೋಟೋ, ಬಿಲ್ ಮತ್ತು ಡಬ್ಬ ಇಟ್ಟುಕೊಳ್ಳಿ. ಡಿಫಾಲ್ಟ್ ಅನ್ನೋದು ಮುಖ್ಯ. ಪ್ರೊಸೆಸರ್ ಕಂಪನಿಗಳ ನಿಯಮದಲ್ಲಿ ಎಕ್ಸ್‌ಎಂಪಿ, ಎಕ್ಸ್‌ಪೋ ಕೂಡ ಓವರ್‌ಕ್ಲಾಕ್, ಅದರಿಂದಾದ ಹಾನಿಗೆ ವಾರಂಟಿ ಇಲ್ಲ. ಮೆಮೊರಿ ಕಿಟ್ ಆದರೆ ಒಂದೇ ಸ್ಟಿಕ್ ಕೆಟ್ಟಿದ್ದರೂ ಎರಡನ್ನೂ ತೆಗೆದುಕೊಂಡು ಹೋಗಿ, ಕಿಟ್ ಆಗಿಯೇ ಬದಲಿಸಿಕೊಡಿ ಅಂತ ಕೇಳಿ. ಕೌಂಟರ್‌ನಲ್ಲಿ "ಇದೇ ಮಾಡೆಲ್‌ದು ಒಂದು ಸ್ಟಿಕ್ ಇದೆ ಸಾರ್, ಹಾಕಿಕೊಳ್ಳಿ" ಅಂದರೆ ಒಪ್ಪಬೇಡಿ. ಹೊರಗೆ ಒಂದೇ ಸ್ಟಿಕ್ಕರ್ ಇದ್ದರೂ ಒಳಗಿನ ಚಿಪ್ ಬೇರೆ ಕಂಪನಿಯದ್ದಾಗಿರಬಹುದು, ಆಗ ಎಕ್ಸ್‌ಎಂಪಿ ಮತ್ತೆ ನಿಲ್ಲುವುದಿಲ್ಲ. ಹೊಸ ಕಿಟ್ ಬಂದ ದಿನವೇ, ಎಕ್ಸ್‌ಎಂಪಿ ಒತ್ತುವ ಮೊದಲು, ಡಿಫಾಲ್ಟ್‌ನಲ್ಲಿ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ.